ಶಾಂತಪ್ಪಣ್ಣನ ಪಾಳಿ

ಹೋದ ತಿಂಗಳು ಹಳೇಬೀಡಿನಲ್ಲಿ ಚಿಕ್ಕಮ್ಮನ ಮೊಮ್ಮಗುವಿನ ನಾಮಕರಣವಿತ್ತು. ಅರಸೀಕೆರೆಯಲ್ಲಿ ಬಸ್ಸು ಹತ್ತಿದವಳು ಜಾವಗಲ್ ದಾಟುವವರೆಗೂ ಚೆನ್ನಾಗಿ ನಿದ್ದೆ ಮಾಡಿದೆ. ಬಸ್ಸು ದೇವಸ್ಥಾನದ ಹತ್ತಿರ ನಿಂತಾಗ ಕಿಟಕಿಯಿಂದ ಹಸಿ ಹುಲ್ಲು ಕತ್ತರಿಸಿದ ವಾಸನೆ ಬಂತು. ಒಳಗಿನ ಹುಲ್ಲುಹಾಸಿನ ಮೇಲೆ ಮೆಷಿನ್ನು ಓಡುತ್ತಿತ್ತು. ಬೇರೆಯವರಿಗೆ ಅದು ತೋಟದ ವಾಸನೆ ಇರಬಹುದು, ನನಗೆ ಅದು ಕೆಲಸವಿಲ್ಲದ ವಾಸನೆ. ಕೊರೊನಾ ಬಂದ ವರ್ಷ ಗೇಟಿಗೆ ಬೀಗ ಬಿದ್ದು ನಾವೆಲ್ಲ ಹೊರಗಾದಾಗ ಒಳಗಿನಿಂದ ನಮಗೆ ಬರುತ್ತಿದ್ದದ್ದು ಇದೊಂದೇ. ದೇವಸ್ಥಾನವನ್ನು ನೋಡುವವರು ಇಲ್ಲದಿದ್ದರೂ ಹುಲ್ಲು ಬೆಳೆಯುತ್ತದೆ, ಕತ್ತರಿಸುವವರಿಗೆ ಸಂಬಳವೂ ಬರುತ್ತದೆ. ಮನುಷ್ಯರ ಮೇಲೆ ಹೊಟ್ಟೆಕಿಚ್ಚುಪಟ್ಟವರನ್ನು ನೋಡಿದ್ದೇನೆ. ಹುಲ್ಲಿನ ಮೇಲೆ ಹೊಟ್ಟೆಕಿಚ್ಚುಪಟ್ಟವಳು ಬಹುಶಃ ನಾನೊಬ್ಬಳೇ.

ನಾಮಕರಣದ ಊಟಕ್ಕೆ ಇನ್ನೂ ಹೊತ್ತಿತ್ತು. ಉಡುಗೊರೆಯ ಚೀಲ ಹಿಡಿದುಕೊಂಡು ಅಲ್ಲಿಯೇ ಇಳಿದೆ. ಗೇಟಿನ ಪಕ್ಕದಲ್ಲಿ ಹೊಸ ಹುಡುಗರು ಕೊರಳಿಗೆ ಕಾರ್ಡು ಹಾಕಿಕೊಂಡು ನಿಂತಿದ್ದರು. ಅವರಲ್ಲೊಬ್ಬ ನನ್ನ ಹತ್ತಿರ ಬಂದು, "ಮೇಡಂ, ಗೈಡ್ ಬೇಕಾ? ಕನ್ನಡ, ಹಿಂದಿ, ಇಂಗ್ಲಿಷ್" ಎಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೇಡಪ್ಪ ಎಂದೆ. ಈ ಊರಿನಲ್ಲಿದ್ದಾಗ ನಾನೂ ಅದೇ ಗೇಟಿನಲ್ಲಿ ಅದೇ ಮಾತನ್ನು ವರ್ಷಗಟ್ಟಲೆ ಹೇಳಿದವಳು.

ಗೈಡ್ ಕೆಲಸ ಎಂದರೆ ಹೊರಗಿನವರಿಗೆ ಸರ್ಕಾರಿ ಕೆಲಸದ ಹಾಗೆ ಕಾಣುತ್ತದೆ. ಕಾರ್ಡು ಇರುತ್ತದೆ, ಪರೀಕ್ಷೆ ಪಾಸಾಗಿರುತ್ತದೆ, ಊರಲ್ಲಿ ನಾಲ್ಕು ಜನ ಮರ್ಯಾದೆ ಕೊಡುತ್ತಾರೆ. ಸಂಬಳ ಮಾತ್ರ ಇರುವುದಿಲ್ಲ. ಬಂದವರು ಕರೆದರೆ ಅವತ್ತಿನ ಅನ್ನ, ಕರೆಯದಿದ್ದರೆ ಮನೆಗೆ ಹೋಗಿ ಮುದ್ದೆ ಮುರಿಯುತ್ತ ಹೊಯ್ಸಳರ ವೈಭವವನ್ನು ನೆನೆಯಬೇಕು. ಮಳೆಗಾಲದಲ್ಲಿ ಜನ ಕಡಿಮೆ, ದಸರಾದಿಂದ ಸಂಕ್ರಾಂತಿವರೆಗೆ ಕೈತುಂಬ ಕೆಲಸ. ನನ್ನ ಯಜಮಾನರು ಹಳೇಬೀಡು ಅರಸೀಕೆರೆ ಮಧ್ಯೆ ಬಾಡಿಗೆ ಟೆಂಪೋ ಓಡಿಸುತ್ತಿದ್ದರು. ಅವರದೂ ಅದೇ ಕಥೆ, ಸೀಟು ತುಂಬಿದರೆ ಸಂಸಾರ. ಇಬ್ಬರೂ ಹೀಗೆ ಜನರ ಓಡಾಟವನ್ನು ನಂಬಿಕೊಂಡವರು. ಜನ ಓಡಾಡುವುದನ್ನೇ ನಿಲ್ಲಿಸುವ ಕಾಲ ಬರುತ್ತದೆ ಎಂದು ಯಾವ ಜೋಯಿಸರೂ ಹೇಳಿರಲಿಲ್ಲ.

ಗೇಟಿನ ಎದುರಿನ ಹೊಂಗೆಮರದ ಕೆಳಗೆ ಒಂದು ಚಪ್ಪಡಿ ಕಲ್ಲಿದೆ. ಅದನ್ನು ನಾವು ಪಾಳಿ ಕಲ್ಲು ಎನ್ನುತ್ತಿದ್ದೆವು. ಮುಂದಿನ ಗಿರಾಕಿ ಯಾರ ಪಾಲಿಗೋ ಅವರು ಅದರ ಮೇಲೆ ಕೂರಬೇಕು, ಉಳಿದವರು ಟೀ ಅಂಗಡಿಯ ಕಡೆ ನಿಲ್ಲಬೇಕು. ಕೂತವರು ಒಂದು ಗುಂಪನ್ನು ಪೂರ್ತಿ ತೋರಿಸಿ ಬಂದರೆ ಪಾಳಿ ಮುಗಿಯಿತು, ಸಾಲಿನ ಕೊನೆಗೆ ಹೋಗಬೇಕು. ಬಂದವರು ಗೈಡ್ ಬೇಡ ಎಂದರೂ, ಅರ್ಧಕ್ಕೆ ಬಿಟ್ಟು ಹೋದರೂ ಪಾಳಿ ಹೋಗುವುದಿಲ್ಲ. ಕಾಯಿಲೆ ಬಿದ್ದರೆ, ಸಾವು ಮದುವೆ ಎಂದು ಹೋದರೆ ಪಾಳಿ ಇರುತ್ತದೆ. ಆದರೆ ಬೇರೆ ಕೂಲಿಗೆ ಹೋದವನ ಪಾಳಿ ಕೊನೆಗೆ. ಈ ಕೊನೆಯ ಕಟ್ಟಳೆಯನ್ನು ಹಿರಿಯರು ಮಾಡಿದ್ದಕ್ಕೆ ಕಾರಣವಿತ್ತು. ಸುಗ್ಗಿಯಲ್ಲಿ ಹೊಲದ ಕೆಲಸ ನೋಡಿಕೊಂಡು, ಜನ ಬರುವ ಕಾಲಕ್ಕೆ ಸರಿಯಾಗಿ ಬಂದು ಕಲ್ಲಿನ ಮೇಲೆ ಕೂರುವ ಜಾಣರು ಮೊದಲು ಬೇಕಾದಷ್ಟಿದ್ದರಂತೆ.

ಆ ಕಲ್ಲಿನ ಕಟ್ಟಳೆಯನ್ನು ವೇದದಂತೆ ಪಾಲಿಸುತ್ತಿದ್ದವರು ಶಾಂತಪ್ಪಣ್ಣ. ನಮ್ಮೆಲ್ಲರಿಗಿಂತ ಹಿರಿಯರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಲಿಗೆ ಯಾವಾಗಲೂ ಪಾಲಿಶ್ ಮಾಡಿದ ಚಪ್ಪಲಿ. ಹೆಂಗಸು ಗೈಡ್ ಆಗುವುದೇ ಎಂದು ಉಳಿದವರು ಮೂಗು ಮುರಿದಾಗ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ ಕೆಲಸ ಕಲಿಸಿದವರು ಅವರೇ.

"ಪ್ರಶ್ನೆ ಜನ ಕೇಳಲ್ಲ ಕಣವ್ವ, ಕಲ್ಲು ಕೇಳಿಸ್ತದೆ" ಎನ್ನುತ್ತಿದ್ದರು. "ಮುರಿದ ಕೈ ಮುಂದೆ ನಿಂತ್ರೆ ಯಾರು ಮುರಿದ್ರು ಅಂತಾರೆ. ಆನೆ ಸಾಲಿನ ಮುಂದೆ ನಿಂತ್ರೆ ಎಷ್ಟವೆ ಅಂತಾರೆ. ನಂದಿ ಮುಂದೆ ನಿಂತ್ರೆ ಇದು ಒಂದೇ ಕಲ್ಲಾ ಅಂತಾರೆ. ರಾಜನಾದ್ರೂ ಅದೇ, ಕೂಲಿಯವನಾದ್ರೂ ಅದೇ. ನಿಂತ ಜಾಗ ನೋಡಿ ಉತ್ತರ ರೆಡಿ ಇಟ್ಕೋ."

ಅವರು ಹೇಳಿದ್ದು ನಿಜ. ನಂದಿಯ ಮುಂದೆ ಅವರಿಗೊಂದು ಕಾಯಂ ಹಾಸ್ಯವಿತ್ತು. ಒಂದೇ ಕಲ್ಲಾ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, "ಒಂದೇ ಕಲ್ಲು, ನಮ್ಮನೆಯವಳ ಮನಸ್ಸಿನಂಗೆ, ಎಲ್ಲೂ ಬಿರುಕಿಲ್ಲ!" ಎಂದು ಹೊಟ್ಟೆ ಕುಣಿಸಿ ನಗುವರು. ಬಂದವರೂ ನಗುವರು. ಅವರ ಹೆಂಡತಿ ಗಿರಿಜಕ್ಕನಿಗೂ ಇದು ಗೊತ್ತಿತ್ತು. "ನನ್ನ ಹೆಸರಲ್ಲಿ ಲೋಕವನ್ನೆಲ್ಲ ನಗಿಸ್ತಾನೆ, ಮನೇಲಿ ಮಾತ್ರ ಕರೆದ್ರೆ ಓ ಅನ್ನಲ್ಲ" ಎಂದು ಗೊಣಗುವಳು. ಓ ಎನ್ನದಿರುವುದು ನಮಗೂ ಅಭ್ಯಾಸವಾಗಿತ್ತು. ಹಿಂದಿನಿಂದ ಎಷ್ಟು ಕೂಗಿದರೂ ತಿರುಗುತ್ತಿರಲಿಲ್ಲ. ಇಂಗ್ಲಿಷಿನವರ ಜೊತೆ ಓಡಾಡಿ ಜಂಬ ಬಂದಿದೆ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು.

ಗೇಟಿಗೆ ಬೀಗ ಬಿದ್ದ ದಿನ ಕಲ್ಲಿನ ಮೇಲೆ ಕೂತಿದ್ದವರು ಶಾಂತಪ್ಪಣ್ಣ. ಅವರ ನಂತರ ನಾನು, ನನ್ನ ನಂತರ ದಯಾನಂದ. ಕಾವಲುಗಾರ ಬಂದು ಎಲ್ಲರೂ ಮನೆಗೆ ಹೋಗಿ ಎಂದ. ಇದೇನು ಹದಿನೈದು ದಿನದ ಮಾತು ಎಂದುಕೊಂಡು ಹೋದೆವು. ಆಮೇಲೆ ಪೊಲೀಸರು ರಸ್ತೆಗೆ ಬಂದರು, ಬಸ್ಸು ನಿಂತಿತು, ಟೆಂಪೋ ನಿಂತಿತು. ಯುಗಾದಿಗೆ ಒಬ್ಬಟ್ಟು ಮಾಡಿದೆವು, ಆದರೆ ಹಂಚಿ ಬರಲು ಯಾರ ಮನೆಗೂ ಹೋಗುವಂತಿರಲಿಲ್ಲ. ಮಗಳ ಶಾಲೆ ಫೋನಿನೊಳಗೆ ಬಂತು, ಮನೆಯಲ್ಲಿದ್ದ ಒಂದೇ ಫೋನು ಯಜಮಾನರ ಜೇಬಿನಲ್ಲಿತ್ತು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ. ನಮ್ಮದು ಕುಡಿಕೆಯೂ ಅಲ್ಲ, ಹೊನ್ನೂ ಅಲ್ಲ.

ಮುಂಗಾರು ಹನಿಯುವ ಹೊತ್ತಿಗೆ ಒಬ್ಬೊಬ್ಬರೇ ಕರಗಿದರು. ದಯಾನಂದ ಮೊದಲು ಬೈಕಿನಲ್ಲಿ ಸೊಪ್ಪು ಮಾರಿದ, ಆಮೇಲೆ ಹಾಸನಕ್ಕೆ ಹೋಗಿ ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಕೆಲಸ ಹಿಡಿದ. ರಾವಣ ಕೈಲಾಸ ಎತ್ತಿದ್ದನ್ನು ಅವನಷ್ಟು ಚೆನ್ನಾಗಿ ಹೇಳುವವರು ಇರಲಿಲ್ಲ. ಜನ ಅವನ ಬಾಯಿಯನ್ನೇ ನೋಡುತ್ತ ನಿಲ್ಲುತ್ತಿದ್ದರು. ಈಗ ಬಾಗಿಲ ಸಂದಿಯಿಂದ ಒಂದು ಕೈ ಬರುತ್ತೆ, ಡಬ್ಬ ತಗೊಂಡು ಒಳಗೆ ಹೋಗುತ್ತೆ ಅಕ್ಕ, ದಿನಕ್ಕೆ ಹತ್ತು ಮಾತೂ ಆಡಲ್ಲ ಎಂದು ಫೋನಿನಲ್ಲಿ ಹೇಳಿದ್ದ. ನಾನು ಬಿಕ್ಕೋಡು ಕಡೆಯ ಕಾಫಿ ಎಸ್ಟೇಟಿಗೆ ಕಳೆ ತೆಗೆಯಲು ಹೋದೆ. ಬೆಳಿಗ್ಗೆ ಜೀಪು ಬರುತ್ತಿತ್ತು, ಕುರಿ ತುಂಬಿದ ಹಾಗೆ ತುಂಬಿಕೊಂಡು ಹೋಗುತ್ತಿತ್ತು. ಅಂತರ ಕಾಪಾಡಿ ಎಂದು ರೇಡಿಯೋದಲ್ಲಿ ಹೇಳುತ್ತಿದ್ದುದನ್ನು ನಾವು ಒಬ್ಬರ ತೊಡೆ ಮೇಲೆ ಒಬ್ಬರು ಕೂತು ಕೇಳುತ್ತಿದ್ದೆವು. ಎಂ.ಎ. ಓದಿದ ಕೈಗೆ ಕೆಲಸ ಬರುವುದಿಲ್ಲವೆಂದು ಮೇಸ್ತ್ರಿ ರೇಗಿಸಿದ. ಬಂತು, ಹೊಟ್ಟೆ ಎಲ್ಲವನ್ನೂ ಕಲಿಸುತ್ತದೆ.

ಹೋಗದೆ ಉಳಿದವರು ಶಾಂತಪ್ಪಣ್ಣ ಒಬ್ಬರೇ. ಜೀಪು ಸಂಜೆ ನಮ್ಮನ್ನು ಇಳಿಸಿದಾಗ ಅವರು ಕೆರೆ ಏರಿಯ ಮೇಲೆ, ಗೇಟು ಕಾಣುವ ಹಾಗೆ ಕೂತಿರುವುದು ಕಾಣುತ್ತಿತ್ತು. ಅದೇ ಬಿಳಿ ಅಂಗಿ, ಅದೇ ಇಸ್ತ್ರಿ. ಪಾಳಿ ಕಲ್ಲಿನ ಮೇಲೆ ಕೂರಲು ಪೊಲೀಸರು ಬಿಡುತ್ತಿರಲಿಲ್ಲ, ಅದಕ್ಕೆ ಏರಿಯ ಮೇಲೆ. ಒಂದು ದಿನ ತಡೆಯಲಾರದೆ ಹತ್ತಿರ ಹೋದೆ. ಕೈಯೆಲ್ಲ ಮಣ್ಣು, ಮೊಣಕಾಲವರೆಗೆ ಕೆಸರು. ಅವರು ಬಾಯಿ ಮುಚ್ಚಿದ್ದ ನನ್ನ ಮಾಸ್ಕನ್ನು ನೋಡಿ, "ಅದನ್ನ ಇಳಿಸಿ ಮಾತಾಡವ್ವ, ಇಲ್ಲಿ ಯಾರವ್ರೆ" ಎಂದರು. ಕೊರೊನಾಗೂ ಹೆದರದ ಗಟ್ಟಿಗರು ಎಂದುಕೊಂಡು ಇಳಿಸಿದೆ.

"ಏನಣ್ಣ ಇದು, ದಿನಾ ಬಂದು ಕೂತಿದ್ದೀರಲ್ಲ?"

"ನನ್ನ ಪಾಳಿ ಕಣವ್ವ."

"ಬೀಗ ಹಾಕಿದ ಗೇಟಿಗೆ ಪಾಳಿ ಏನಣ್ಣ? ಎಲ್ಲರೂ ಕೂಲಿಗೆ ಹೋದ್ವಿ. ಎಲ್ಲರ ಪಾಳಿನೂ ಹೋಯ್ತು."

"ಅದಕ್ಕೇ ಕಣವ್ವ" ಎಂದರು, ನಾನೇ ದಡ್ಡಿ ಎನ್ನುವ ಹಾಗೆ. "ಒಬ್ಬನಾದ್ರೂ ಇರ್ಬೇಕಲ್ಲ. ಎಲ್ಲಾರೂ ಹೋದ್ರೆ ನಾಳೆ ಗೇಟು ತೆಗೆದಾಗ ಪಾಳಿ ಎಲ್ಲಿಂದ ಶುರು ಮಾಡ್ತೀರಿ?"

ಅವರ ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು. ಲೋಕದ ಲೆಕ್ಕ ಬದಲಾಗಿತ್ತು, ಅಷ್ಟೇ. ಮನೆಗೆ ಬರುವ ದಾರಿಯಲ್ಲಿ ಅವರ ಮೇಲೆ ಸಿಟ್ಟು ಬಂತು, ಆಮೇಲೆ ಅಳು ಬಂತು.

ಆಷಾಢದಲ್ಲಿ ನನ್ನ ಯಜಮಾನರು ಒಂದು ಸುದ್ದಿ ತಂದರು. ಅರಸೀಕೆರೆಯ ಒಬ್ಬ ಕೊಬ್ಬರಿ ಮಂಡಿಯ ಸಾಹುಕಾರರಿಗೆ ಗೋಡೌನು ಕಾಯಲು ನಂಬಿಕಸ್ತ ಹಿರಿಯರು ಬೇಕು. ತಿಂಗಳ ಸಂಬಳ, ಇರಲು ಒಂದು ಕೋಣೆ, ಕಾಯಂ ಕೆಲಸ. ನಾನು ಓಡಿದೆ ಶಾಂತಪ್ಪಣ್ಣನ ಮನೆಗೆ. ಗಿರಿಜಕ್ಕ ಒಲೆಯ ಮುಂದೆ ಹುರುಳಿ ಹುರಿಯುತ್ತಿದ್ದಳು. ವಿಷಯ ಕೇಳಿ ಕೈಯಲ್ಲಿದ್ದ ಸಟ್ಟುಗ ಹಿಡಿದುಕೊಂಡೇ ಎದ್ದು ಬಂದಳು, ಗಂಡನ ಎದುರಿಗೆ ನಿಂತಳು.

"ಹೋಗು. ನಾನೂ ಬತ್ತೀನಿ. ಒಂದು ಕೋಣೆ ಸಾಕು ನಮಗೆ."

"ಕಾವಲುಗಾರನಾ ನಾನು?" ಎಂದರು ಶಾಂತಪ್ಪಣ್ಣ.

"ಈಗೇನು ಮಾಡ್ತಿದೀಯ ಮತ್ತೆ? ದಿನಾ ಹೋಗಿ ಖಾಲಿ ಗುಡಿ ಕಾಯ್ತಿದೀಯ. ಅಲ್ಲಿ ಕಾದ್ರೆ ಸಂಬಳನಾದ್ರೂ ಬತ್ತದೆ. ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು! ಇಸ್ತ್ರಿ ಪೆಟ್ಟಿಗೆಗೆ ಇದ್ದಿಲು ನಾನು ಎಲ್ಲಿಂದ ತರ್ಲಿ?"

ಅವರು ನನ್ನ ಕಡೆ ತಿರುಗಿದರು. ದನಿ ಸಣ್ಣದಾಗಿತ್ತು. "ಇಷ್ಟು ವರ್ಷ ಇದೊಂದೇ ಮಾಡಿದೀನಿ ಕಣವ್ವ. ಒಂದ್ಸಲ ಕೊನೆಗೆ ಹೋದ್ರೆ ಈ ವಯಸ್ನಲ್ಲಿ ಮತ್ತೆ ಮುಂದಕ್ಕೆ ಬರಕ್ಕಾಯ್ತದಾ? ಗೇಟು ತೆಗೀತಾರೆ. ನೋಡ್ತಿರು."

ಆ ಕೆಲಸ ಹಾರನಹಳ್ಳಿಯ ಒಬ್ಬರಿಗೆ ಹೋಯಿತು. ಗಿರಿಜಕ್ಕ ಆಮೇಲೆ ಗಂಡನ ಜೊತೆ ಒಂದು ವಾರ ಮಾತು ಬಿಟ್ಟಿದ್ದಳಂತೆ. ಅವರಿಗೆ ಅದು ತಿಳಿಯಲೇ ಇಲ್ಲ ಎಂದು ನನ್ನ ಹತ್ತಿರ ಹೇಳಿಕೊಂಡು ಅತ್ತಳು.

ಗೇಟು ತೆಗೆದರು, ಅವರ ಮಾತು ಸುಳ್ಳಾಗಲಿಲ್ಲ. ಆದರೆ ಒಳಗೆ ಗುಂಪು ಸೇರಿಸಬಾರದೆಂದು ನಮ್ಮನ್ನು ಹೊರಗೇ ಇಟ್ಟರು. ಬೈಕಿನಲ್ಲಿ ಬಂದ ಹುಡುಗರು ಒಳಗೆ ಹೋಗಿ ಫೋಟೋ ತೆಗೆದುಕೊಂಡು ಹೊರಗೆ ಬರುವರು. ಶಾಂತಪ್ಪಣ್ಣ ಏರಿಯಿಂದ ಕಲ್ಲಿನ ಮೇಲಕ್ಕೆ ಬಂದರು, ಅಷ್ಟೇ ವ್ಯತ್ಯಾಸ. ಶ್ರಾವಣ ಹೋಯಿತು, ಗಣಪತಿ ಬಂದು ಹೋದ. ದಸರಾ ಹತ್ತಿರ ಬಂದಾಗ ಗೈಡುಗಳೂ ಒಳಗೆ ಬರಬಹುದು ಎಂದರು. ಎಲ್ಲರಿಗೂ ಮಾಸ್ಕು ಕಡ್ಡಾಯ, ಗೇಟಿನಲ್ಲಿ ಒಬ್ಬ ಕೋಲು ಹಿಡಿದು ಅದಕ್ಕೆಂದೇ ನಿಂತಿದ್ದ.

ಸುದ್ದಿ ಕೇಳಿ ಎಲ್ಲರೂ ವಾಪಸ್ ಬಂದರು. ದಯಾನಂದನೂ ಒಂದು ದಿನ ರಜೆ ಹಾಕಿ ಬಂದ. ಶಾಂತಪ್ಪಣ್ಣ ಕಲ್ಲಿನ ಮೇಲೆ ಕೂತಿದ್ದರು. ದಯಾನಂದ ಅವರ ಮುಂದೆ ನಿಂತು ಕೈಮುಗಿದು, "ಅಣ್ಣ, ಪಾಳಿ ಉಳಿಸಿದ್ರಿ" ಎಂದ. ಅವರು ತಲೆ ಅಲ್ಲಾಡಿಸಿದರು. ಕಣ್ಣು ಮಾತ್ರ ಅವನ ಮಾಸ್ಕಿನ ಮೇಲೆಯೇ ಇತ್ತು, ಏನನ್ನೋ ಹುಡುಕುವವರ ಹಾಗೆ. ನಾನು ಆಗಲೂ ತಿಳಿದುಕೊಳ್ಳಲಿಲ್ಲ. ಎಲ್ಲರ ಕಣ್ಣೂ ಆ ವರ್ಷ ಹಾಗೇ ಇತ್ತಲ್ಲ.

ಮೊದಲ ದಿನಗಳಲ್ಲಿ ಬಂದವರೆಲ್ಲ ಬೇಡ ಅಂಕಲ್, ಮೊಬೈಲಲ್ಲಿ ನೋಡ್ಕೊಂಡಿದೀವಿ ಎಂದರು. ಪಾಳಿ ಅವರದೇ ಉಳಿಯಿತು, ನಾವು ಹಳೆಯ ಸಾಲಿನಲ್ಲೇ ಹಿಂದೆ ಕಾದೆವು. ಆಯುಧಪೂಜೆಯ ಹಿಂದಿನ ದಿನ ದಾವಣಗೆರೆ ಕಡೆಯ ಒಂದು ಕಾರು ಬಂತು. ಗಂಡ ಹೆಂಡತಿ, ಎರಡು ಮಕ್ಕಳು. ಆ ಹೆಂಗಸು ನೇರವಾಗಿ ಕಲ್ಲಿನ ಹತ್ತಿರ ಬಂದು ಗೈಡ್ ಬೇಕು ಎಂದಳು. ಶಾಂತಪ್ಪಣ್ಣ ಎದ್ದು ಅಂಗಿಯ ತುದಿ ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ನನಗೂ ಒಂದು ಹೊಸ ಜೋಡಿ ಸಿಕ್ಕಿತು. ಹಾಗಾಗಿ ನಾನು ಅವರ ಹಿಂದೆಯೇ ಒಳಗಿದ್ದೆ.

ಗೋಡೆಯ ಸಾಲು ಮುಗಿಯುವವರೆಗೆ ಎಲ್ಲವೂ ಸರಿಯಾಗಿತ್ತು. ಹೇಳುವುದು ಅವರ ಕೆಲಸ, ಕೇಳುವುದು ಬಂದವರ ಕೆಲಸ. ನಂದಿಯ ಹತ್ತಿರ ಬಂದಾಗ ನನ್ನ ಜೋಡಿ ಫೋಟೋ ತೆಗೆದುಕೊಳ್ಳಲು ನಿಂತಿತು. ನಾನು ಕಂಬದ ಪಕ್ಕದಲ್ಲಿದ್ದೆ. ಆ ಹೆಂಗಸು ನಂದಿಯ ಮುಂದೆ ನಿಂತು ಶಾಂತಪ್ಪಣ್ಣನನ್ನು ಕೇಳಿದಳು. ನೀಲಿ ಮಾಸ್ಕು ಅವಳ ಮುಖವನ್ನು ಕಣ್ಣಿನ ಕೆಳಗಿನವರೆಗೂ ಮುಚ್ಚಿತ್ತು.

"ಹೋದ ವರ್ಷ ನಮ್ಮ ಅಪ್ಪ ಇಲ್ಲಿಗೆ ಬಂದಿದ್ರು. ಶಾಂತಪ್ಪ ಅಂತ ಒಬ್ರು ಎಷ್ಟು ಚೆನ್ನಾಗಿ ತೋರಿಸಿದ್ರು ಅಂತ ಮನೇಲಿ ಯಾವಾಗ್ಲೂ ಹೇಳೋರು. ನೀವೇ ಅಲ್ವಾ? ಅಪ್ಪ ಕೊರೊನಾದಲ್ಲಿ ಹೋಗ್ಬಿಟ್ರು. ಕೊನೇಗೆ ಮುಖ ನೋಡಕ್ಕೂ ಬಿಡ್ಲಿಲ್ಲ. ನಿಮಗೆ ಅವರು ನೆನಪಿದಾರಾ?"

ಶಾಂತಪ್ಪಣ್ಣನ ಕಣ್ಣು ಅರಳಿತು.

"ಒಂದೇ ಕಲ್ಲು ತಾಯಿ! ನಮ್ಮನೆಯವಳ ಮನಸ್ಸಿನಂಗೆ, ಎಲ್ಲೂ ಬಿರುಕಿಲ್ಲ!"

ಎಂದು ನಕ್ಕರು. ಹೊಟ್ಟೆ ಕುಣಿಸಿ, ಎಂದಿನ ಹಾಗೆ. ತಿಂಗಳುಗಟ್ಟಲೆ ಕಾದು ಸಿಕ್ಕ ಮೊದಲ ಗಿರಾಕಿಗಳಲ್ಲವೇ, ಆ ನಗು ಎಂದಿಗಿಂತ ಜೋರಾಗಿಯೇ ಇತ್ತು. ಆ ಹೆಂಗಸು ಅಲ್ಲಾಡಲಿಲ್ಲ. ಮಾಸ್ಕಿನ ಮೇಲಂಚು ನೆನೆಯಿತು. ಗಂಡ ಬಂದು ಅವಳ ತೋಳು ಹಿಡಿದು, "ಬಾ, ಸಾಕು" ಎಂದ. ಮಕ್ಕಳನ್ನು ಮುಂದೆ ಬಿಟ್ಟುಕೊಂಡು ನಡೆದುಬಿಟ್ಟರು. ಶಾಂತಪ್ಪಣ್ಣ ಅವರ ಹಿಂದೆ ನಾಲ್ಕು ಹೆಜ್ಜೆ ಹೋಗಿ, "ಸಾರ್, ಆ ಕಡೆ ದೊಡ್ಡ ಸೂರ್ಯ ಅವ್ನೆ, ನೋಡಿಲ್ಲ ನೀವು" ಎಂದರು. ಯಾರೂ ತಿರುಗಲಿಲ್ಲ.

ನನಗೆ ಅಲ್ಲೇ ಎಲ್ಲ ತಿಳಿಯಿತು. ಗಿರಾಕಿಗಳನ್ನು ಯಾವಾಗಲೂ ಎದುರಿಗೆ ನಿಲ್ಲಿಸಿಕೊಳ್ಳುತ್ತಿದ್ದುದು, ಹಿಂದಿನಿಂದ ಕರೆದರೆ ತಿರುಗದ ಜಂಬ, ಏರಿಯ ಮೇಲೆ ಮಾಸ್ಕು ಇಳಿಸು ಎಂದದ್ದು, ಗಿರಿಜಕ್ಕ ಸಟ್ಟುಗ ಹಿಡಿದು ಎದುರಿಗೇ ಬಂದು ನಿಂತದ್ದು. ಶಾಂತಪ್ಪಣ್ಣನಿಗೆ ಕಿವಿ ಕೇಳುತ್ತಿರಲಿಲ್ಲ. ಎಷ್ಟೋ ವರ್ಷಗಳಿಂದ ಜನರ ತುಟಿ ನೋಡಿ ಕೆಲಸ ಮಾಡಿದ್ದರು. ಲೋಕವೆಲ್ಲ ಬಾಯಿ ಮುಚ್ಚಿಕೊಂಡ ವರ್ಷ ಅವರಿಗೆ ಉಳಿದದ್ದು ಜನ ನಿಂತ ಜಾಗ ಮಾತ್ರ.

ಅವರು ನನ್ನ ಹತ್ತಿರ ಬಂದರು. "ಯಾಕವ್ವ ಹೋದ್ರು? ಏನಂದ್ಳು ಆ ಯಮ್ಮ?"

ಸುಳ್ಳು ಹೇಳಬಹುದಿತ್ತು. ಹೊತ್ತಾಯಿತಂತೆ ಎಂದಿದ್ದರೆ ನಂಬುತ್ತಿದ್ದರು. ಆದರೆ ನಾಳೆ ಇನ್ನೊಬ್ಬರು ಬರುತ್ತಾರೆ. ಆ ವರ್ಷ ಎಲ್ಲರ ಮನೆಯಲ್ಲೂ ಯಾರೋ ಒಬ್ಬರು ಹೋಗಿದ್ದರು. ಗೇಟಿನವನು ನೋಡಿದರೆ ಕೋಲು ಎತ್ತಿ ಗದರುತ್ತಾನೆ ಎಂದು ಗೊತ್ತಿದ್ದರೂ ನಾನು ಮಾಸ್ಕು ಇಳಿಸಿದೆ. ಅವರಿಗೆ ಕಾಣುವ ಹಾಗೆ ನಿಧಾನವಾಗಿ, ಒಂದೊಂದೇ ಮಾತಾಗಿ ಹೇಳಿದೆ. ಅವರಪ್ಪ ತೀರ್ಕೊಂಡವ್ರೆ. ನಿಮ್ಮ ಹೆಸರು ಹೇಳ್ತಿದ್ರಂತೆ. ನೆನಪಿದಾರಾ ಅಂತ ಕೇಳಿದ್ಲು.

ನನ್ನ ತುಟಿಯನ್ನೇ ನೋಡುತ್ತಿದ್ದರು. ಆಮೇಲೆ ಆ ವಯಸ್ಸಿನಲ್ಲಿ ಚಪ್ಪಲಿ ಕೂಡ ಹಾಕಿಕೊಳ್ಳದೆ ಗೇಟಿನ ಕಡೆ ಓಡಿದರು. ನಾನು ನನ್ನ ಜೋಡಿಯನ್ನು ಬಿಟ್ಟು ಹಿಂದೆಯೇ ಓಡಿದೆ. ಕಾರು ಬೇಲೂರಿನ ರಸ್ತೆಗೆ ತಿರುಗಿ ಆಗಿತ್ತು.

"ಕಿವಿಗೆ ಒಂದು ಮೆಷಿನ್ ಕೊಟ್ಟಿದ್ರು ಕಣವ್ವ, ಬೇಲೂರಲ್ಲಿ ಕ್ಯಾಂಪ್ ಮಾಡಿದಾಗ" ಎಂದರು, ಏದುಸಿರು ಬಿಡುತ್ತ. "ಗುಡಿ ಒಳಗೆ ಹೋದ್ರೆ ಬರೀ ಗುಂಯ್ ಅನ್ನದು. ಕಿವೀಲಿ ಅದನ್ನ ನೋಡಿ ಒಬ್ಬ ಬೇರೆ ಗೈಡ್ ಬೇಕು ಅಂದ. ಅವತ್ತೇ ತೆಗೆದು ಪೆಟ್ಟಿಗೇಲಿ ಇಟ್ಟೆ. ತುಟಿ ಸಾಕಾಗಿತ್ತು ನಂಗೆ."

ಮಾರನೆಯ ದಿನ ಹಬ್ಬ. ಟೀ ಅಂಗಡಿಯವನು ಸೈಕಲ್ಲಿಗೆ ಹೂವು ಕಟ್ಟಿ ಕುಂಬಳಕಾಯಿ ಒಡೆದಿದ್ದ. ಗಿರಾಕಿಗಳು ಅರ್ಧಕ್ಕೆ ಹೋಗಿದ್ದರಿಂದ ಕಟ್ಟಳೆಯ ಪ್ರಕಾರ ಪಾಳಿ ಇನ್ನೂ ಶಾಂತಪ್ಪಣ್ಣನದೇ. ಸುದ್ದಿ ಆಗಲೇ ಎಲ್ಲರಿಗೂ ಮುಟ್ಟಿತ್ತು. ಅವರು ಬಂದರು, ಕಲ್ಲಿನ ಪಕ್ಕದಲ್ಲಿ ನಿಂತರು, ಕೂರಲಿಲ್ಲ. ನಾನು ಹೋಗಿ ಮಾಸ್ಕು ಇಳಿಸಿ, ನಾನು ಗಿರಾಕಿಗಳ ಹಿಂದೆ ನಿಂತು ಕೈಸನ್ನೆಯಲ್ಲಿ ಪ್ರಶ್ನೆ ತಿಳಿಸುತ್ತೇನೆ, ಇಬ್ಬರೂ ಜೊತೆಯಲ್ಲಿ ಹೋಗೋಣ ಎಂದೆ. ಉಳಿದವರೂ ಆಗಲಿ ಎಂದರು.

"ಒಂದು ಪಾಳಿಗೆ ಇಬ್ರಾ? ಮಿಕ್ಕೋರು ಏನ್ ಮಣ್ಣು ತಿಂತಾರಾ?" ಎಂದರು. "ಕೂತ್ಕೋ. ನಿನ್ನ ಜೋಡಿನೂ ಅರ್ಧಕ್ಕೇ ಉಳೀತಲ್ಲ, ನಿಂದೇ ಪಾಳಿ."

ನಾನು ಕೂರಲಿಲ್ಲ. ಕಾರುಗಳು ಬಂದವು, ಜನ ಇಳಿದರು, ಖಾಲಿ ಕಲ್ಲನ್ನು ದಾಟಿ ಒಳಗೆ ಹೋದರು. ಬೆಳಗಿನಿಂದ ಯಾರೂ ಮುಂದೆ ಹೋಗಿ ಗೈಡ್ ಬೇಕಾ ಎನ್ನಲಿಲ್ಲ. ಊಟದ ಹೊತ್ತು ದಾಟಿದ ಮೇಲೆ ಒಂದು ದೊಡ್ಡ ವ್ಯಾನು ಬಂತು. ಅದರಿಂದ ಇಳಿದ ಹಿರಿಯರೊಬ್ಬರು ತಾವಾಗಿಯೇ, "ಗೈಡ್ ಯಾರಿದೀರ್ರೀ?" ಎಂದು ಕೂಗಿದರು. ಎಲ್ಲರೂ ಶಾಂತಪ್ಪಣ್ಣನನ್ನು ನೋಡಿದರು. ಅವರು ನನ್ನ ಭುಜ ಹಿಡಿದು ಕಲ್ಲಿನ ಮೇಲೆ ಕೂರಿಸಿದರು. ಮನೆಯಲ್ಲಿ ಟೆಂಪೋ ಇನ್ನೂ ನಿಂತೇ ಇತ್ತು, ಮಗಳಿಗೆ ಫೋನು ಬೇಕಿತ್ತು. ನಾನು ಎದ್ದು ವ್ಯಾನಿನವರ ಜೊತೆ ಹೋದೆ. ಅವತ್ತು ಅವರಿಗೆ ಏನು ಹೇಳಿದೆನೋ ನೆನಪಿಲ್ಲ. ಹೊರಗೆ ಬಂದಾಗ ಶಾಂತಪ್ಪಣ್ಣ ಇರಲಿಲ್ಲ. ಅವರು ಆಮೇಲೆ ಗೇಟಿನ ಹತ್ತಿರ ಬರಲೇ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಎರಡನೆಯ ಅಲೆ ಬಂದು ಮತ್ತೆ ಬೀಗ ಬಿತ್ತು. ನನಗೆ ಇನ್ನೊಂದು ಸಲ ಕಾಯುವ ಧೈರ್ಯ ಉಳಿದಿರಲಿಲ್ಲ. ಅರಸೀಕೆರೆಯ ಆ ಕೊಬ್ಬರಿ ಮಂಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಕೇಳಿ ಸೇರಿಕೊಂಡೆ. ಈಗಲೂ ಅಲ್ಲೇ ಇದ್ದೇನೆ. ದಿನವಿಡೀ ಚೀಲದ ತೂಕ ಕೂಗುತ್ತಾರೆ, ನಾನು ಬರೆಯುತ್ತೇನೆ. ಯಾರಿಗೂ ಯಾವ ಕಥೆಯೂ ಬೇಕಿಲ್ಲ. ಗೋಡೌನಿನ ಬಾಗಿಲಲ್ಲಿ ಹಾರನಹಳ್ಳಿಯ ಆ ಕಾವಲುಗಾರ ದಿನಾ ನನಗೆ ನಮಸ್ಕಾರ ಹೇಳುತ್ತಾರೆ. ಪಾಪ, ಒಳ್ಳೆಯ ಮನುಷ್ಯ. ಆದರೂ ಅವರ ಮುಖವನ್ನು ಸರಿಯಾಗಿ ನೋಡಲು ನನಗೆ ಇವತ್ತಿಗೂ ಆಗುವುದಿಲ್ಲ.

ನಾಮಕರಣದಲ್ಲಿ ಯಾರೋ ಹೇಳಿದರು, ಶಾಂತಪ್ಪಣ್ಣ ಗೆಂಡೆಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರಂತೆ. ಊಟ ಮುಗಿಸಿ ಬೇಲೂರಿಗೆ ಹೋಗಿ, ಅಲ್ಲಿಂದ ಗೆಂಡೆಹಳ್ಳಿ ಬಸ್ಸು ಹಿಡಿದೆ. ಅಳಿಯನ ಚಿಲ್ಲರೆ ಅಂಗಡಿಯಲ್ಲಿ ಅವರು ಕೂತಿದ್ದರು. ಅಂಗಿಗೆ ಇಸ್ತ್ರಿ ಇರಲಿಲ್ಲ. ಗಿರಿಜಕ್ಕ ತೀರಿಕೊಂಡು ಎರಡು ವರ್ಷವಾಯಿತು ಎಂದು ಮಗಳು ಹೇಳಿದಳು. ನಾನು ಎದುರಿಗೆ ನಿಂತೆ. ಗುರುತು ಹಿಡಿದು ನಕ್ಕರು, ಬೀಡಿಕಟ್ಟು ಬೆಲ್ಲದ ಮಧ್ಯೆ ಜಾಗ ಮಾಡಿ ಕೂರಿಸಿದರು. ಗೇಟು ಬಿಟ್ಟು ಮಂಡಿಯಲ್ಲಿ ಬಿಲ್ಲು ಬರೆಯುತ್ತಿದ್ದೇನೆ ಎಂದೆ. ಅಂಗಡಿಗೆ ಬಂದ ಹೆಂಗಸೊಬ್ಬಳು ಏನೋ ಕೇಳಿದಳು. ಅವಳ ತುಟಿ ನೋಡಿ ಸರಿಯಾಗಿ ಕಾಲು ಕೆ.ಜಿ. ಕಡಲೆಬೇಳೆ ಕಟ್ಟಿಕೊಟ್ಟರು.

"ಅಣ್ಣ, ಈಗ ಯಾರೂ ಮಾಸ್ಕ್ ಹಾಕಲ್ಲ" ಎಂದೆ. "ಹೊರದೇಶದವರೂ ಬರ್ತಾವ್ರೆ. ನೀವು ವಾಪಸ್ ಬರಬಹುದಲ್ಲ?"

"ಕೊನೆಯಿಂದ ಶುರು ಮಾಡ್ಬೇಕಲ್ಲ ಕಣವ್ವ" ಎಂದರು. ತಕ್ಕಡಿಯ ಬಟ್ಟಲನ್ನು ಒರೆಸತೊಡಗಿದರು. ಆಮೇಲೆ ತಲೆ ಎತ್ತದೆಯೇ ಕೇಳಿದರು. "ಆ ದಾವಣಗೆರೆ ಯಮ್ಮ ಮತ್ತೆ ಬಂದಿದ್ಳಾ?"

ಅವರು ತಲೆ ಎತ್ತಿದ ಮೇಲೆ ಇಲ್ಲ ಎಂದು ತಲೆ ಅಲ್ಲಾಡಿಸಿದೆ.

"ಅವರಪ್ಪನ್ನ ಇವತ್ತಿಗೂ ನೆನಪು ಮಾಡ್ಕೋತಾ ಇದೀನಿ. ಹೋದ ವರ್ಷ ಅಂದ್ರೆ ಆ ಚಳಿಗಾಲದಲ್ಲಿ ಬಂದಿರ್ಬೇಕು. ಕನ್ನಡಕ ಇತ್ತೋ, ಕೋಲು ಇತ್ತೋ. ಎಷ್ಟು ಜನಕ್ಕೆ ತೋರಿಸಿದೀನಿ, ಎಲ್ಲಾರ ತುಟಿ ನೋಡಿದೀನಿ, ಮುಖ ನೋಡಿಲ್ಲ ಕಣವ್ವ. ಆ ಪುಣ್ಯಾತ್ಮ ನೆನಪಿಗೇ ಬರಲ್ಲ."

ಬಸ್ಸಿನ ಹಾರನ್ ಕೇಳಿ ನಾನು ಎದ್ದೆ. ಅವರೂ ಎದ್ದು ರಸ್ತೆಯವರೆಗೆ ಬಂದರು. ನಾನು ಮೆಟ್ಟಿಲ ಮೇಲೆ ಕಾಲಿಟ್ಟಾಗ ತೋಳು ಹಿಡಿದು ನಿಲ್ಲಿಸಿದರು.

"ಆ ಯಮ್ಮ ಬಂದ್ರೆ ನೀನು ಹೇಳು. ಶಾಂತಪ್ಪನಿಗೆ ನಿಮ್ಮಪ್ಪ ಚೆನ್ನಾಗಿ ನೆನಪವ್ರೆ ಅಂತ ಹೇಳು."

ನಾನು ಆ ಗೇಟು ಬಿಟ್ಟು ವರ್ಷಗಳಾದವು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರಿಗೆ ಕಾಣುವ ಹಾಗೆ ಪೂರ್ತಿ ತಿರುಗಿ ನಿಂತು, "ಹೇಳ್ತೀನಿ ಅಣ್ಣ" ಎಂದೆ.